ಸಂಸ್ಥಾಪಕರ ಪ್ರಶ್ನೋತ್ತರ: ಅಪಾಯದ ಲೆಕ್ಕ, ಸಲಹೆಗಾರರ ಆಯ್ಕೆ

ಗುಂಪಿನ ನಿರ್ವಾಹಕರು: ಹೊಸ ಕಂಪನಿಗಳ ಸಂಸ್ಥಾಪಕರಿಗೆ ಬಹುಕಾಲದಿಂದ ಮಾರ್ಗದರ್ಶನ ನೀಡುತ್ತಿರುವ ಮೆಂಟರ್ ಒಬ್ಬರು ಇಂದು ಸಂಜೆ ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಯಾರೂ ಕಂಪನಿಯ ಹೆಸರು ಬರೆಯಬಾರದೆಂದು ವಿನಂತಿ.

ಮೊಬೈಲ್ ಆಪ್ ಸಂಸ್ಥಾಪಕ: ನಮಸ್ಕಾರ ಮೇಡಂ. ಸಲಹೆಗಾರರೊಬ್ಬರು ತಿಂಗಳಿಗೊಮ್ಮೆ ಮಾತನಾಡಲು ಶೇ. 5ರಷ್ಟು ಷೇರು ಕೇಳುತ್ತಿದ್ದಾರೆ. ಎಷ್ಟು ಕೊಡುವುದು ಸರಿ?

ಮೆಂಟರ್: ನಮಸ್ಕಾರ. ಶೇ. 5 ಬಹಳ ಹೆಚ್ಚಾಯಿತು. ಹೊಸ ಸಂಸ್ಥಾಪಕರಿಗೆ ತರಬೇತಿ ನೀಡುವ ಫೌಂಡರ್ ಇನ್‌ಸ್ಟಿಟ್ಯೂಟ್ ಸಿದ್ಧಪಡಿಸಿದ ‘ಫಾಸ್ಟ್’ ಎಂಬ ಕರಾರಿನ ಮಾದರಿ ಅನೇಕ ಕಡೆ ಬಳಕೆಯಲ್ಲಿದೆ. ಕಂಪನಿ ಯಾವ ಹಂತದಲ್ಲಿದೆ, ಸಲಹೆಗಾರರು ಎಷ್ಟು ಕೆಲಸ ಮಾಡುತ್ತಾರೆ ಎಂಬುದನ್ನು ನೋಡಿಕೊಂಡು ಅದರಲ್ಲಿ ಶೇ. 0.15ರಿಂದ ಶೇ. 1ರವರೆಗೆ ಷೇರು ಸೂಚಿಸಲಾಗಿದೆ. ಅದೂ ಒಮ್ಮೆಲೇ ಅಲ್ಲ, 2 ವರ್ಷಗಳಲ್ಲಿ ಹಂತ ಹಂತವಾಗಿ ಕೈಸೇರಬೇಕು. ಮೊದಲ 3 ತಿಂಗಳೊಳಗೆ ಬಿಟ್ಟು ಹೋದವರಿಗೆ ಏನೂ ಸಿಗುವುದಿಲ್ಲ. ಕರಾರಿಲ್ಲದೆ ಬಾಯಿಮಾತಿನಲ್ಲಿ ಷೇರು ಒಪ್ಪಿಕೊಳ್ಳಬೇಡಿ.

ಹೊಸ ಸದಸ್ಯರು: ನನಗೊಂದು ಫಾರ್ವರ್ಡ್ ಬಂದಿದೆ: “ಹೆಸರಾಂತ ಐವರನ್ನು ಸಲಹಾ ಮಂಡಳಿಗೆ ಸೇರಿಸಿ, ಅವರ ಭಾವಚಿತ್ರಗಳನ್ನು ಮೊದಲ ಪುಟದಲ್ಲೇ ಹಾಕಿ, ಹೂಡಿಕೆದಾರರು ತಾವಾಗಿಯೇ ಬರುತ್ತಾರೆ.” ಇದನ್ನು ಪಾಲಿಸಬಹುದೇ?

ಮೆಂಟರ್: ಬೇಡ. ರಕ್ತಪರೀಕ್ಷೆಯ ಹೊಸ ಯಂತ್ರ ತಯಾರಿಸಿದ್ದೇವೆಂದು ಹೇಳಿಕೊಂಡಿದ್ದ ಅಮೆರಿಕದ ಥೆರಾನೋಸ್ ಕಂಪನಿಯ ನಿರ್ದೇಶಕರ ಸಾಲಿನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಗಳಾಗಿದ್ದ ಹೆನ್ರಿ ಕಿಸಿಂಜರ್, ಜಾರ್ಜ್ ಶುಲ್ಟ್ಜ್ ಅಂತಹವರಿದ್ದರು. 2014ರಲ್ಲಿ ಅದರ ಮೌಲ್ಯ ಸುಮಾರು 900 ಕೋಟಿ ಡಾಲರ್ ಎನಿಸಿತ್ತು. ಆದರೆ ಆ ದೊಡ್ಡ ಹೆಸರುಗಳಲ್ಲಿ ಹೆಚ್ಚಿನವರಿಗೆ ರಕ್ತಪರೀಕ್ಷೆಯ ಪ್ರಯೋಗಾಲಯದ ಕೆಲಸವೇ ಗೊತ್ತಿರಲಿಲ್ಲವಾದ್ದರಿಂದ, ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ಬಿಗಿಯಾಗಿ ಕೇಳುವವರಿರಲಿಲ್ಲ. ಹೂಡಿಕೆದಾರರನ್ನು ವಂಚಿಸಿದ್ದಕ್ಕಾಗಿ ಅದರ ಸಂಸ್ಥಾಪಕಿಗೆ 2022ರಲ್ಲಿ 11 ವರ್ಷಕ್ಕೂ ಮೀರಿದ ಸೆರೆವಾಸ ವಿಧಿಸಲಾಯಿತು. ಇಂತಹ ಫಾರ್ವರ್ಡ್‌ಗಳನ್ನು ಬರೆದವರು ಯಾರು, ಅವರು ಯಾವ ಕಂಪನಿ ನಡೆಸಿದ್ದಾರೆ ಎಂದು ತಿಳಿಯದೆ ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.

ಉಪಕರಣ ತಯಾರಕರು: ಕಂಪನಿಯ ಹಣವೆಲ್ಲ ಒಂದೇ ಬ್ಯಾಂಕಿನಲ್ಲಿದೆ. ಇದನ್ನೂ ಅಪಾಯವೆಂದು ಪರಿಗಣಿಸಬೇಕೇ?

ಮೆಂಟರ್: ಪರಿಗಣಿಸಬೇಕು. ಅನೇಕ ಹೊಸ ಕಂಪನಿಗಳು ಹಣ ಇಟ್ಟಿದ್ದ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ 2023ರ ಮಾರ್ಚ್ 10ರಂದು, ಶುಕ್ರವಾರ, ಮುಚ್ಚಿತು. ಠೇವಣಿ ವಿಮೆಯ ಮಿತಿ 2,50,000 ಡಾಲರ್. ಸರ್ಕಾರ ಭಾನುವಾರ ಎಲ್ಲ ಠೇವಣಿಗಳಿಗೂ ಭರವಸೆ ಕೊಡುವವರೆಗೆ ಎಷ್ಟೋ ಸಂಸ್ಥಾಪಕರಿಗೆ ಸಂಬಳ ಕೊಡುವ ದಾರಿ ತಿಳಿದಿರಲಿಲ್ಲ. ಕನಿಷ್ಠ 2 ತಿಂಗಳ ಸಂಬಳದ ಹಣ ಇನ್ನೊಂದು ಬ್ಯಾಂಕಿನಲ್ಲಿರಲಿ.

ಶಿಕ್ಷಣ ಕ್ಷೇತ್ರದ ಸಂಸ್ಥಾಪಕಿ: ನಿರ್ದೇಶಕರ ಹೊಣೆಗಾರಿಕೆಯ ವಿಮೆಯನ್ನು ಯಾವ ಹಂತದಲ್ಲಿ ತೆಗೆದುಕೊಳ್ಳಬೇಕು, ಮೇಡಂ?

ತಂತ್ರಾಂಶ ಕಂಪನಿಯ ಸಂಸ್ಥಾಪಕಿ: ನಮ್ಮದು ಇಬ್ಬರು ಸಂಸ್ಥಾಪಕರ, 14 ನೌಕರರ ಕಂಪನಿ. ವರಮಾನದ ಶೇ. 70 ಒಂದೇ ಗ್ರಾಹಕರಿಂದ ಬರುತ್ತದೆ. ಅವರಿಂದ 3 ಇನ್‌ವಾಯ್ಸ್‌ಗಳ ಹಣ ಬಾಕಿಯಿದೆ. ನನ್ನ ಲೆಕ್ಕದ ಪ್ರಕಾರ ನಮಗೆ 5 ತಿಂಗಳ ರನ್‌ವೇ ಇದೆ, ಅಂದರೆ ಹಣ ಅಷ್ಟು ಕಾಲ ಸಾಲುತ್ತದೆ. ಎರಡು ತಿಂಗಳ ಹಿಂದೆ ಸಂಬಳಕ್ಕಾಗಿ ಸಾಲ ಪಡೆಯುವಾಗ ನಾನು ವೈಯಕ್ತಿಕ ಜಾಮೀನಿಗೆ ಸಹಿ ಹಾಕಿದ್ದೇನೆ, ಕಂಪನಿ ತೀರಿಸದಿದ್ದರೆ ನಾನೇ ತೀರಿಸಬೇಕು. ಧೈರ್ಯಗೆಡುತ್ತಾರೆಂದು ಸಹಸಂಸ್ಥಾಪಕರಿಗಾಗಲಿ ನಮ್ಮ ಇಬ್ಬರು ಸಲಹೆಗಾರರಿಗಾಗಲಿ ಹೇಳಿಲ್ಲ. ಹಣಕಾಸು ತಿಳಿದ ಮೂರನೆಯ ಸಲಹೆಗಾರರನ್ನು ಸೇರಿಸಿಕೊಂಡರೆ ಅನುಕೂಲವಾದೀತೇ?

ಮೆಂಟರ್: ಆ 5 ತಿಂಗಳ ಲೆಕ್ಕದಲ್ಲಿ ಬಾಕಿಯಿರುವ 3 ಇನ್‌ವಾಯ್ಸ್‌ಗಳ ಹಣವನ್ನೂ ಸೇರಿಸಿದ್ದೀರಾ?

ತಂತ್ರಾಂಶ ಕಂಪನಿಯ ಸಂಸ್ಥಾಪಕಿ: ಹೌದು. “ಬರಬೇಕಾದದ್ದು” ಎಂಬ ಸಾಲಿನಲ್ಲಿ ಸೇರಿಸಿದ್ದೇನೆ.

ಮೆಂಟರ್: ಉಳಿದವರು ಸ್ವಲ್ಪ ಕಾಯಬೇಕು, ಇದಕ್ಕೆ ನಾನು ವಿವರವಾಗಿ ಉತ್ತರಿಸಲೇಬೇಕು.

ಬರಬೇಕಾದ ಹಣ ಕೈಯಲ್ಲಿರುವ ಹಣವಲ್ಲ. ಇಂದು ರಾತ್ರಿಯೇ ಹೊಸ ಹಾಳೆಯೊಂದರಲ್ಲಿ 13 ಕಲಂ ಎಳೆದು, ಒಂದೊಂದು ಕಲಂ ಒಂದೊಂದು ವಾರವೆಂದು ಇಟ್ಟುಕೊಳ್ಳಿ. ಮೊದಲ ಕಲಮಿನ ಮೇಲ್ತುದಿಯಲ್ಲಿ ಇಂದು ಬ್ಯಾಂಕಿನಲ್ಲಿರುವ ಮೊತ್ತವನ್ನು ಬರೆದು, ಸಂಬಳ, ಸಂಬಳದಿಂದ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ, ಸಾಲದ ಕಂತು, ಸರ್ವರ್ ಬಾಡಿಗೆ ಇವೆಲ್ಲವನ್ನೂ ಅವು ನಿಜವಾಗಿ ಹೊರಹೋಗುವ ವಾರದಲ್ಲೇ ತುಂಬಿ. ಗ್ರಾಹಕರು ಲಿಖಿತವಾಗಿ ದಿನಾಂಕ ಕೊಡುವವರೆಗೆ ಆ 3 ಇನ್‌ವಾಯ್ಸ್‌ಗಳು ಯಾವ ಕಲಮಿನಲ್ಲೂ ಇರಬಾರದು. ಪ್ರತಿ ವಾರ ಉಳಿಯುವ ಮೊತ್ತವನ್ನು ಕೊನೆಯ ಸಾಲಿನಲ್ಲಿ ಬರೆಯಿರಿ, ಅದು ಯಾವ ವಾರ ಸೊನ್ನೆಗಿಂತ ಕೆಳಗಿಳಿಯುತ್ತದೆಯೋ ಅದೇ ನಿಮ್ಮ ಗಡುವು, 5 ತಿಂಗಳಲ್ಲ.

ಇನ್ನು ಗ್ರಾಹಕರ ವಿಷಯ. ನಿಮ್ಮ ಕೆಲಸವನ್ನು ಹೊಗಳುವ ಅಧಿಕಾರಿಯೂ ಹಣ ಬಿಡುಗಡೆ ಮಾಡುವ ಅಧಿಕಾರಿಯೂ ಸಾಮಾನ್ಯವಾಗಿ ಬೇರೆ ಬೇರೆ. ನಾಳೆ ಎರಡನೆಯವರೊಂದಿಗೆ ಮಾತನಾಡಿ, ಕೆಲಸದ ಬಗ್ಗೆ ತಕರಾರಿದೆಯೇ, ಇಲ್ಲವೇ ಅವರಲ್ಲೇ ಹಣವಿಲ್ಲವೇ ಎಂದು ತಿಳಿದುಕೊಳ್ಳಿ. ತಕರಾರಾದರೆ ಅದಿಲ್ಲದ ಭಾಗದ ಹಣವನ್ನು ಮೊದಲು ಕೇಳಬಹುದು. ಹಣವೇ ಇಲ್ಲವೆಂದಾದರೆ, ನೀವು ಮುಂದೆ ಮಾಡುವ ಪ್ರತಿ ಕೆಲಸವೂ ಅವರಿಗೆ ಕೊಡುವ ಸಾಲವಾಗುತ್ತದೆ. ಬಾಕಿ ತೀರದೆ ಹೊಸ ಕೆಲಸ ಕೈಗೆತ್ತಿಕೊಳ್ಳುವುದಿಲ್ಲವೆಂದು ಬರೆದು ತಿಳಿಸಿ.

ನನಗೆ ಹೆಚ್ಚು ಆತಂಕ ತಂದಿರುವುದು ಆ ಜಾಮೀನು. ಅದು ಈ ಒಂದು ಸಾಲಕ್ಕೆ ಮಾತ್ರವೇ, ಕಂಪನಿ ಮುಂದೆ ಮಾಡುವ ಸಾಲಗಳಿಗೂ ಅನ್ವಯಿಸುತ್ತದೆಯೇ, ಮೊತ್ತಕ್ಕೆ ಮಿತಿಯಿದೆಯೇ ಎಂಬುದನ್ನು ಇದೇ ವಾರ ವಕೀಲರಿಂದ ಓದಿಸಿ. ಇನ್ನೊಂದು ಜಾಮೀನಿಗೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ.

ಸಹಸಂಸ್ಥಾಪಕರಿಗೆ ಇಂದೇ ಹೇಳಿ. ಅವರೂ ನಿರ್ದೇಶಕರಾಗಿದ್ದರೆ, ಕಂಪನಿ ದಿವಾಳಿಯ ಹತ್ತಿರ ಬಂದಾಗ ಸಾಲ ಕೊಟ್ಟವರ ಹಿತವನ್ನೂ ನೋಡಬೇಕಾದ ಕರ್ತವ್ಯ ಅನೇಕ ದೇಶಗಳ ಕಾನೂನಿನಲ್ಲಿ ನಿರ್ದೇಶಕರ ಮೇಲಿರುತ್ತದೆ. ತಮಗೆ ತಿಳಿಯದ ಲೆಕ್ಕಕ್ಕೆ ಅವರು ಹೊಣೆಯಾಗುವಂತೆ ಮಾಡಬೇಡಿ.

ಮೂರನೆಯ ಸಲಹೆಗಾರರು ನಿಮಗೆ ಬೇಡ. ಇರುವ ಇಬ್ಬರಿಗೇ ನೀವು ಹಾಳೆ ತೋರಿಸಿಲ್ಲ. ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಹಿಂದೆ ಸಂಸ್ಥಾಪಕರೊಬ್ಬರು ಒಂದು ವರ್ಷ ಪ್ರತಿ ತಿಂಗಳೂ ಏರುತ್ತಿರುವ ಗ್ರಾಹಕರ ಸಂಖ್ಯೆಯ ನಕ್ಷೆ ತಂದು ತೋರಿಸುತ್ತಿದ್ದರು, ನಾನು ಮೆಚ್ಚಿ ಕಳುಹಿಸುತ್ತಿದ್ದೆ. ಸಂಬಳ ನಿಂತ ಸಂಗತಿ ನನಗೆ ತಿಳಿದದ್ದು ಅವರ ನೌಕರರೊಬ್ಬರು ಬೇರೆ ಕೆಲಸ ಕೇಳಿಕೊಂಡು ಬಂದಾಗ. ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅಂದಿನಿಂದ ಪ್ರತಿ ಭೇಟಿಯಲ್ಲೂ ನನ್ನ ಮೊದಲ ಪ್ರಶ್ನೆ ಅದೇ. ನಿಮ್ಮ ಸಲಹೆಗಾರರು ಕೇಳದಿದ್ದರೂ ನೀವಾಗಿಯೇ ತೋರಿಸಿ.

ಮೂರನೆಯ ಕಂಪನಿ ನಡೆಸುತ್ತಿರುವವರು: ಮೇಡಂ, ಕ್ಷಮಿಸಿ, ನೀವು ಅವರನ್ನು ಅನಗತ್ಯವಾಗಿ ಹೆದರಿಸುತ್ತಿದ್ದೀರಿ. ಜಾಮೀನಿಗೆ ಸಹಿ ಹಾಕುವುದು ಸಂಸ್ಥಾಪಕರ ಬದ್ಧತೆಯ ಲಕ್ಷಣ. ಫೆಡ್‌ಎಕ್ಸ್ ಎಂಬ ಕೊರಿಯರ್ ಕಂಪನಿಯ ಸಂಸ್ಥಾಪಕ ಫ್ರೆಡ್ ಸ್ಮಿತ್ ಕೊನೆಯ 5,000 ಡಾಲರ್ ಹಿಡಿದು ಲಾಸ್ ವೇಗಾಸ್‌ಗೆ ಹೋಗಿ, ಜೂಜಿನಲ್ಲಿ 27,000 ಡಾಲರ್ ಗೆದ್ದು ಕಂಪನಿ ಉಳಿಸಿಕೊಂಡರು.

ನಿವೃತ್ತ ಬ್ಯಾಂಕ್ ಅಧಿಕಾರಿ: ಜಾಮೀನಿಗೆ ಸಹಿ ಹಾಕಿ ಮನೆ ಕಳೆದುಕೊಂಡವರನ್ನು ನಾನು ಎದುರಿಗೆ ಕೂರಿಸಿಕೊಂಡು ನೋಡಿದ್ದೇನೆ. ಬದ್ಧತೆಗೂ ಅಜಾಗರೂಕತೆಗೂ ವ್ಯತ್ಯಾಸವಿದೆ, ಸ್ವಾಮಿ.

ಮೂರನೆಯ ಕಂಪನಿ ನಡೆಸುತ್ತಿರುವವರು: ಬ್ಯಾಂಕಿನಲ್ಲಿ ತಿಂಗಳ ಸಂಬಳ ಪಡೆದವರಿಗೆ ಉದ್ಯಮದ ಸಂಕಟ ಅರ್ಥವಾಗುವುದು ಕಷ್ಟ.

ನಿವೃತ್ತ ಬ್ಯಾಂಕ್ ಅಧಿಕಾರಿ: ಹಾಗಾದರೆ ನಿಮ್ಮ ಮೊದಲ ಎರಡು ಕಂಪನಿಗಳಲ್ಲಿ ನೌಕರರ ಬಾಕಿ ತೀರಿತೇ ಎಂಬುದನ್ನು ಇಲ್ಲಿ ತಿಳಿಸಿ.

ಮೂರನೆಯ ಕಂಪನಿ ನಡೆಸುತ್ತಿರುವವರು: ಅದು ನಿಮಗೆ ಸಂಬಂಧಿಸಿದ ವಿಷಯವಲ್ಲ. ಮಾತಿನಲ್ಲಿ ಮರ್ಯಾದೆಯಿರಲಿ.

ಗುಂಪಿನ ನಿರ್ವಾಹಕರು: ಇಬ್ಬರೂ ವೈಯಕ್ತಿಕ ಮಾತುಗಳನ್ನು ನಿಲ್ಲಿಸಬೇಕು.

ಮೆಂಟರ್: ಆ 27,000 ಡಾಲರ್ ಕೆಲವೇ ದಿನಗಳ ಖರ್ಚಿಗೆ ಒದಗಿತ್ತು, ಕಂಪನಿಯನ್ನು ಉಳಿಸಿದ್ದು ಅನಂತರ ಕೂಡಿಬಂದ ಬಂಡವಾಳ. ಅದೇ ಆಟದಲ್ಲಿ ಸೋತವರ ಕಥೆಯನ್ನು ಯಾರೂ ಹೇಳಿಕೊಳ್ಳುವುದಿಲ್ಲ. ನಿಜವಾದ ಸಾಲ, ನಿಜವಾದ ಜಾಮೀನು ಹೊತ್ತು ಕುಳಿತವರ ಮುಂದೆ ಇದನ್ನು ಮಾದರಿಯೆಂದು ಇಡುವುದು ಹೊಣೆಗೇಡಿತನ. ನಾನು ಇದನ್ನು ಕಟುವಾಗಿಯೇ ಹೇಳುತ್ತಿದ್ದೇನೆ.

ಸಾಗಣೆ ಕ್ಷೇತ್ರದ ಸಂಸ್ಥಾಪಕ: ಸಲಹೆಗಾರರಿಗೆ ಎಷ್ಟು ಷೇರು ಕೊಡುವುದು ವಾಡಿಕೆ?

ಮೆಂಟರ್: ಮೊದಲ ಉತ್ತರದಲ್ಲಿದೆ.

ವಿದ್ಯಾರ್ಥಿ: ನಾವು ಮೂವರು ಓದಿನ ಜೊತೆಗೆ ಕಂಪನಿ ಆರಂಭಿಸುತ್ತಿದ್ದೇವೆ. ಸಲಹೆಗಾರರೊಂದಿಗಿನ ಮೊದಲ ಸಭೆಯಲ್ಲಿ ಏನನ್ನು ಚರ್ಚಿಸಬೇಕು?

ಮೆಂಟರ್: ಒಳ್ಳೆಯ ಪ್ರಶ್ನೆ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅವರು ರೂಪಿಸಿದ ‘ಪ್ರೀ ಮಾರ್ಟಮ್’ ಎಂಬ ಕ್ರಮವಿದೆ. ಒಂದು ವರ್ಷದ ನಂತರ ಕಂಪನಿ ಮುಚ್ಚಿಹೋಗಿದೆ ಎಂದು ಭಾವಿಸಿ, ಅದಕ್ಕೆ ಕಾರಣವೇನೆಂದು ಪ್ರತಿಯೊಬ್ಬರೂ ಮಾತಿಲ್ಲದೆ ಚೀಟಿಯಲ್ಲಿ ಬರೆದು, ಆಮೇಲೆ ಓದಬೇಕು. “ಏನು ತಪ್ಪಾಗಬಹುದು?” ಎಂದು ಕೇಳಿದರೆ ಸಂಕೋಚದಿಂದ ಸುಮ್ಮನಿರುವವರೂ, ತಪ್ಪು ಆಗಿಹೋಗಿದೆ ಎಂದು ಹೊರಟಾಗ ಬರೆಯುತ್ತಾರೆ. ಮೂವರ ಚೀಟಿಯಲ್ಲೂ ಒಂದೇ ಕಾರಣ ಬಂದರೆ, ಆ ವಿಷಯ ಗೊತ್ತಿರುವವರನ್ನೇ ಸಲಹೆಗಾರರಾಗಿ ಹುಡುಕಿ. ನಿಮ್ಮ ಮೂವರ ಷೇರುಗಳೂ 4 ವರ್ಷಗಳಲ್ಲಿ ಕೈಸೇರುವಂತೆ, ಮೊದಲ ವರ್ಷದೊಳಗೆ ಬಿಟ್ಟವರಿಗೆ ಸಿಗದಂತೆ ಈಗಲೇ ಕರಾರು ಮಾಡಿಕೊಳ್ಳಿ. ಓದು ಮುಗಿದ ಮೇಲೆ ಒಬ್ಬರಾದರೂ ಬೇರೆ ದಾರಿ ಹಿಡಿಯಬಹುದು.

ಹೊಸ ಸದಸ್ಯರು: ಇನ್ನೊಂದು ಫಾರ್ವರ್ಡ್ ಹೀಗಿದೆ: “ಅಪಾಯಗಳ ಪಟ್ಟಿ ಮಾಡಿದರೆ ನಕಾರಾತ್ಮಕ ಶಕ್ತಿ...”

ಮೆಂಟರ್: ಇದಕ್ಕೆ ನಾನು ಉತ್ತರಿಸುವುದಿಲ್ಲ. ಆಗಲೇ ವಿನಂತಿಸಿದ್ದೆ.

ಮೂರನೆಯ ಕಂಪನಿ ನಡೆಸುತ್ತಿರುವವರು: ಒಂದೇ ಅಭಿಪ್ರಾಯಕ್ಕೆ ಅವಕಾಶವಿರುವ ಗುಂಪಿನಲ್ಲಿ ಉಳಿಯುವುದರಲ್ಲಿ ಅರ್ಥವಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ: ಹೊರಡುವ ಮುನ್ನ ನನ್ನ ಪ್ರಶ್ನೆಗೆ ಉತ್ತರಿಸಬಹುದಿತ್ತು.

ಗುಂಪಿನ ನಿರ್ವಾಹಕರು: ಇನ್ನೊಂದು ಮಾತು ಬಂದರೆ ಇಬ್ಬರ ಸಂದೇಶಗಳನ್ನೂ ಅಳಿಸಬೇಕಾಗುತ್ತದೆ.

ಶಿಕ್ಷಣ ಕ್ಷೇತ್ರದ ಸಂಸ್ಥಾಪಕಿ: ನನ್ನ ವಿಮೆಯ ಪ್ರಶ್ನೆ ಹಾಗೆಯೇ ಉಳಿದಿದೆ.

ತಂತ್ರಾಂಶ ಕಂಪನಿಯ ಸಂಸ್ಥಾಪಕಿ: ಮೇಡಂ, 13 ವಾರಗಳ ಹಾಳೆ ತುಂಬಿದೆ. 7ನೆಯ ವಾರ ಮೊತ್ತ ಸೊನ್ನೆಗಿಂತ ಕೆಳಗಿಳಿಯುತ್ತಿದೆ. ಸಹಸಂಸ್ಥಾಪಕರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಮಾತನಾಡಲಿಲ್ಲ, ಆಮೇಲೆ ಹಾಳೆ ಕಳುಹಿಸಲು ಹೇಳಿದರು. ಮುಂದೇನು ಮಾಡಲಿ?

ಮೆಂಟರ್: ಹೇಳಿದ್ದು ಒಳ್ಳೆಯದಾಯಿತು. ಅದೇ ಹಾಳೆಯನ್ನು, ಒಂದು ಅಂಕಿಯನ್ನೂ ತಿದ್ದದೆ, ಇಬ್ಬರು ಸಲಹೆಗಾರರಿಗೂ ಈಗಲೇ ಕಳುಹಿಸಿ. ನಾಳೆ ಬೆಳಿಗ್ಗೆ ನಾಲ್ವರೂ ಒಟ್ಟಿಗೆ ಮಾತನಾಡಿ, 3ನೆಯ ವಾರದೊಳಗೆ ಬಾಕಿಯಲ್ಲಿ ಇಂತಿಷ್ಟು ಬರದಿದ್ದರೆ ಯಾವ ಖರ್ಚು ನಿಲ್ಲಿಸುವುದು, ನೌಕರರಿಗೆ ಯಾವ ದಿನ ತಿಳಿಸುವುದು ಎಂಬುದನ್ನು ನಿರ್ಧರಿಸಿ ಬರೆದಿಡಿ. 7ನೆಯ ವಾರದವರೆಗೆ ಕಾದರೆ ನಿರ್ಧಾರ ನಿಮ್ಮ ಕೈಯಲ್ಲಿರುವುದಿಲ್ಲ. ಜಾಮೀನಿನ ಪತ್ರದ ಬಗ್ಗೆ ವಕೀಲರು ಏನೆಂದರೆಂದು ನನಗೆ ಪ್ರತ್ಯೇಕವಾಗಿ ಬರೆಯಿರಿ. ಅದನ್ನು ಇಲ್ಲಿ ಹಾಕಬೇಡಿ.