ಅಪ್‌ಡೇಟ್: ನನ್ನ ಕಾರ್ಡ್ ಆಟದ ಸಂಪನ್ಮೂಲದ ತೊಡಕು ಕೊನೆಗೂ ಬಗೆಹರಿಯಿತು

ನಾನು ಸ್ವತಂತ್ರವಾಗಿ ರೂಪಿಸುತ್ತಿರುವ ಇಬ್ಬರ ತಂತ್ರದ ಆಟದಲ್ಲಿ, ಆರಂಭದ 5 ಕಾರ್ಡ್‌ಗಳಲ್ಲಿ ಬೇರೆ ಕಾರ್ಡ್‌ಗಳನ್ನು ಆಡಲು ಬೇಕಾದ ಸಂಪನ್ಮೂಲ ಕಾರ್ಡ್ ಒಂದೂ ಬಾರದೆ ಆಟಗಾರರು ಕೈಕಟ್ಟಿ ಕೂರುವಂತಾಗುತ್ತಿದೆ ಎಂದು ಹೇಳಿ ಎರಡು ವಾರಗಳ ಹಿಂದೆ ಸಲಹೆ ಕೇಳಿದ್ದೆ.

ಸಂಪನ್ಮೂಲಗಳನ್ನು ಹೆಚ್ಚಿಸುವ ಸಲಹೆ ಫಲಿಸಲಿಲ್ಲ. 40 ಕಾರ್ಡ್‌ಗಳ ಕಟ್ಟಿನಲ್ಲಿ ಅವು 14 ಇದ್ದಾಗ ಬರಿಗೈಯಾಗುವ ಸಂಭವ ಸುಮಾರು ಶೇ. 10 ಇತ್ತು, 17ಕ್ಕೆ ಏರಿಸಿದಾಗ ಅದು ಶೇ. 5ರ ಆಸುಪಾಸಿಗೆ ಇಳಿದದ್ದು ನಿಜವಾದರೂ, ಆಟದ ಕೊನೆಯ ಹಂತದಲ್ಲಿ ಬೇಡದ ಸಂಪನ್ಮೂಲಗಳೇ ಒಂದರ ಹಿಂದೊಂದು ಬಂದು ಬೇಸರ ಇಮ್ಮಡಿಯಾಯಿತು. ಆರಂಭದ ಕಾರ್ಡ್‌ಗಳನ್ನು ಒಮ್ಮೆ ಬದಲಿಸಿಕೊಳ್ಳುವ ಅವಕಾಶದಿಂದ ಅಲ್ಪಸ್ವಲ್ಪ ಅನುಕೂಲವಾಯಿತು.

ನಿಜವಾಗಿ ಕೆಲಸ ಮಾಡಿದ್ದು, ಪ್ರತಿ ಸರದಿಯಲ್ಲಿ ಕೈಯಲ್ಲಿರುವ ಯಾವುದಾದರೂ ಒಂದು ಕಾರ್ಡನ್ನು ಮಗುಚಿಟ್ಟು ಸಂಪನ್ಮೂಲವಾಗಿ ಬಳಸಬಹುದೆಂಬ ಸಲಹೆ. ಅದನ್ನು ಕೊಟ್ಟವರಿಗೆ ನಾನು ಮನಸಾರೆ ಋಣಿ. ಪ್ರತ್ಯೇಕ ಸಂಪನ್ಮೂಲ ಕಾರ್ಡ್‌ಗಳನ್ನೇ ತೆಗೆದುಹಾಕಿದೆ. ಹೊಸ ಆಟಗಾರರೊಬ್ಬರು ತಮ್ಮ ಅತ್ಯಂತ ಬಲವಾದ ಕೋಟೆಯ ಕಾರ್ಡನ್ನು ಎರಡು ಬಾರಿ ಮೇಜಿನವರೆಗೆ ತಂದು, ಹಿಂದಕ್ಕೆಳೆದು, ಮೂರನೆಯ ಬಾರಿ ನಿಧಾನವಾಗಿ ಮಗುಚಿಟ್ಟದ್ದನ್ನು ಕಂಡಾಗ, ನಾನು ಬಯಸಿದ್ದ ನಿರ್ಧಾರದ ಬಿಗಿ ಇದೇ ಎನಿಸಿತು.

ನಿರೀಕ್ಷಿಸದ ಲಾಭವೊಂದೂ ಆಯಿತು. ನಿಯಮ ಪುಸ್ತಿಕೆಯಿಂದ ಒಂದಿಡೀ ಪುಟ ಕಡಿಮೆಯಾದ ಕಾರಣ, ನಾನು ಬಾಯಿ ಬಿಡದೆ ಪಕ್ಕದಲ್ಲಿ ಕುಳಿತಿದ್ದರೂ ಹೊಸಬರು ತಾವೇ ಓದಿಕೊಂಡು ಆಡತೊಡಗಿದರು. ಮೊದಲು ಆಡುವವರಿಗೆ ಸಿಗುವ ಮೇಲುಗೈ ಮಾತ್ರ ಇನ್ನೂ ಉಳಿದಿದ್ದು, ಅವರು ಮೊದಲ ಸರದಿಯಲ್ಲಿ ಕಾರ್ಡ್ ಎಳೆಯಬಾರದೆಂಬ ನಿಯಮವನ್ನು ಈಗ ಪರೀಕ್ಷಿಸುತ್ತಿದ್ದೇನೆ.