ಎನ್‌ಕೆ ಕಣಗಳ ಚಯಾಪಚಯ ಮತ್ತು ಮರುಕಳಿಸುವ ಗರ್ಭಪಾತ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ ಎರಡು ಬಾರಿ ಮೂರು ತಿಂಗಳು ತುಂಬುವ ಮೊದಲೇ ಗರ್ಭಪಾತವಾಗಿದೆ. ರಕ್ತಪರೀಕ್ಷೆಯಲ್ಲಿ ಎನ್‌ಕೆ ಕಣಗಳು (ನ್ಯಾಚುರಲ್ ಕಿಲ್ಲರ್ ಎಂಬ ರೋಗನಿರೋಧಕ ಕಣಗಳು) ಹೆಚ್ಚಾಗಿವೆ ಎಂದು ತಿಳಿಸಿ, ಇಂಟ್ರಾಲಿಪಿಡ್ ಎಂಬ ಕೊಬ್ಬಿನ ದ್ರಾವಣದ ಡ್ರಿಪ್ ಹಾಕಿಸಿಕೊಳ್ಳಲು ಸೂಚಿಸಿದ್ದಾರೆ. ರೋಗನಿರೋಧಕ ಕಣಗಳ ಚಯಾಪಚಯ (ಪೋಷಕಾಂಶಗಳಿಂದ ಶಕ್ತಿ ಪಡೆಯುವ ಕ್ರಿಯೆ) ಕೆಟ್ಟರೂ ಗರ್ಭ ನಿಲ್ಲುವುದಿಲ್ಲವೆಂದು ಓದಿದ್ದೇನೆ. ಡ್ರಿಪ್ ಹಾಕಿಸಿಕೊಳ್ಳಬಹುದೇ?

ಉತ್ತರ: ಆ ವರದಿಯೊಂದನ್ನೇ ನಂಬಿ ಹಾಕಿಸಿಕೊಳ್ಳಬೇಡಿ. ರಕ್ತದಲ್ಲಿರುವ ಎನ್‌ಕೆ ಕಣಗಳೂ ಗರ್ಭಾಶಯದ ಒಳಪದರದಲ್ಲಿರುವ ಎನ್‌ಕೆ ಕಣಗಳೂ ಸ್ವಭಾವದಲ್ಲಿ ಬೇರೆ ಬೇರೆ. ಗರ್ಭದ ಮೊದಲ ತಿಂಗಳುಗಳಲ್ಲಿ ಆ ಪದರದ ರೋಗನಿರೋಧಕ ಕಣಗಳಲ್ಲಿ ಸುಮಾರು ಶೇ. 70ರಷ್ಟು ಇವೇ ಆಗಿದ್ದು, ಮಾಸಿಗೆ ರಕ್ತ ಒದಗಿಸುವ ನಾಳಗಳು ಅಗಲವಾಗಲು ನೆರವಾಗುತ್ತವೆ. ಅಂದರೆ ಇವು ಗರ್ಭದ ಶತ್ರುಗಳಲ್ಲ.

ಚಯಾಪಚಯದ ವಿಚಾರಕ್ಕೆ ವೈಜ್ಞಾನಿಕ ಆಧಾರವಿದೆ. ದಾಳಿ ಮಾಡುವ ಟಿ ಕಣಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಮುಖ್ಯವಾಗಿ ಗ್ಲೂಕೋಸನ್ನು ವೇಗವಾಗಿ ಒಡೆದು ಶಕ್ತಿ ಪಡೆದರೆ, ಅವುಗಳನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕಣಗಳು ಹೆಚ್ಚಾಗಿ ಕೊಬ್ಬಿನಾಮ್ಲಗಳನ್ನೂ ಕಣದೊಳಗಿನ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾವನ್ನೂ ಅವಲಂಬಿಸುತ್ತವೆ. ಆದ್ದರಿಂದ ಗರ್ಭಾಶಯದ ಪದರದಲ್ಲಿ ಗ್ಲೂಕೋಸ್, ಆಮ್ಲಜನಕ, ಲ್ಯಾಕ್ಟೇಟ್ (ಗ್ಲೂಕೋಸ್ ಒಡೆದಾಗ ಉಳಿಯುವ ವಸ್ತು) ಎಷ್ಟಿವೆ ಎಂಬುದು ಯಾವ ಕಣದ ಕೈ ಮೇಲಾಗುತ್ತದೆ ಎಂಬುದರ ಮೇಲೆ ಪ್ರಭಾವ ಬೀರಬಲ್ಲದು. ಟ್ರಿಪ್ಟೊಫಾನ್ ಅಮೈನೊ ಆಮ್ಲವನ್ನು ಒಡೆಯುವ ಐಡಿಒ ಕಿಣ್ವವನ್ನು ಗರ್ಭಿಣಿ ಇಲಿಗಳಲ್ಲಿ ತಡೆದಾಗ, ತಂದೆಯ ತಳಿ ಬೇರೆಯಾಗಿದ್ದ ಭ್ರೂಣಗಳು ತಾಯಿಯ ಟಿ ಕಣಗಳ ದಾಳಿಗೆ ಸಿಕ್ಕಿ ನಾಶವಾದುದನ್ನು 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಮಹಿಳೆಯರಲ್ಲಿ ನಡೆದ ಬಹುಪಾಲು ಅಧ್ಯಯನಗಳು ಗರ್ಭಪಾತವಾದ ಬಳಿಕ ತೆಗೆದ ಅಂಗಾಂಶವನ್ನು ಆಧರಿಸಿವೆ. ಅಲ್ಲಿ ಕಂಡ ಬದಲಾವಣೆ ಗರ್ಭಪಾತಕ್ಕೆ ಕಾರಣವೋ, ಅದರ ಪರಿಣಾಮವೋ ಎಂದು ಬಿಡಿಸಿ ಹೇಳಲಾಗದು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತೊಡಕು ಇಲ್ಲೇ ಇದೆ.

ಇಂಟ್ರಾಲಿಪಿಡ್‌ನ ಪ್ರಯೋಜನ ಸಾಬೀತಾಗಿಲ್ಲ. ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆಯೂ ಹಿಂದೆ, ತಾಯಿಯ ರೋಗನಿರೋಧಕ ಕಣಗಳನ್ನು ತಣಿಸಿದರೆ ಗರ್ಭ ನಿಲ್ಲುತ್ತದೆ ಎಂಬ ಇಂಥದೇ ತರ್ಕದಿಂದ ಹಬ್ಬಿತ್ತು. 1999ರ ದೊಡ್ಡ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ.

ಡ್ರಿಪ್‌ನ ಯೋಚನೆಗಿಂತ ಮೊದಲು ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳ (ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುವ ಪ್ರತಿಕಾಯಗಳು) ಪರೀಕ್ಷೆಯಾಗಲಿ. ಅವು ಕಂಡುಬಂದರೆ 12 ವಾರಗಳ ನಂತರ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಈ ತೊಂದರೆಗೆ ಆಸ್ಪಿರಿನ್ ಮತ್ತು ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳು) ಚಿಕಿತ್ಸೆ ಲಭ್ಯವಿದೆ. ಥೈರಾಯ್ಡ್ ಮತ್ತು ಗರ್ಭಾಶಯದ ಆಕಾರದ ಪರೀಕ್ಷೆಯೂ ಬೇಕು.

ಪ್ರಶ್ನೆ: ಧನ್ಯವಾದ ಡಾಕ್ಟರೇ. ಹಾಗಾದರೆ ಸಕ್ಕರೆ, ಅನ್ನ ಬಿಟ್ಟರೆ ಈ ಕಣಗಳು ಸರಿಹೋಗುವುದಿಲ್ಲವೇ?

ಉತ್ತರ: ಆಹಾರ ಬದಲಿಸಿ ಗರ್ಭಾಶಯದ ಕಣಗಳನ್ನು ತಿದ್ದಿ ಗರ್ಭಪಾತ ತಡೆಯಬಹುದೆಂಬುದಕ್ಕೆ ಪುರಾವೆಯಿಲ್ಲ. ಆದರೆ ಮಧುಮೇಹವಿದ್ದರೆ ಗರ್ಭ ಧರಿಸುವ ಮೊದಲೇ ಅದನ್ನು ಹತೋಟಿಗೆ ತಂದುಕೊಳ್ಳುವುದು ಅಗತ್ಯ. ನಿಯಂತ್ರಣವಿಲ್ಲದ ಮಧುಮೇಹದಿಂದ ಗರ್ಭಪಾತದ ಸಂಭವ ಹೆಚ್ಚುತ್ತದೆ.