ಇಬ್ಬರ ಡೈವ್ ಕಂಪ್ಯೂಟರ್ ಬೇರೆ ಬೇರೆ ಸಮಯ ತೋರಿಸಿದರೆ ಯಾವುದನ್ನು ನಂಬಬೇಕು?

ಪ್ರಶ್ನೆ: ಡೈವ್ ಕಂಪ್ಯೂಟರ್ ಅಂದರೆ ಆ ಆಳದಲ್ಲಿ ಇನ್ನೆಷ್ಟು ಹೊತ್ತು ಸುರಕ್ಷಿತವಾಗಿ ಇರಬಹುದು ಅಂತ ತೋರಿಸುವ ಸಾಧನ. 18 ಮೀಟರ್ ಆಳದಲ್ಲಿ ನನ್ನದು ಇನ್ನೂ 20 ನಿಮಿಷ ಅಂದರೆ ಜೊತೆಗಾರರದ್ದು 9 ಅನ್ನುತ್ತೆ. ಒಂದು ಕೆಟ್ಟಿದೆಯಾ? ನೀರೊಳಗೆ ಪೂರ್ತಿ ಆಫ್ ಆಗಿಬಿಟ್ಟರೆ?

ಉತ್ತರ 1: ಕೆಟ್ಟಿರಲೇಬೇಕೆಂದಿಲ್ಲ. ಆಳದಲ್ಲಿ ಉಸಿರಾಡುವ ನೈಟ್ರೋಜನ್ ದೇಹದಲ್ಲಿ ಕರಗುತ್ತಾ ಹೋಗುತ್ತೆ. ಅದನ್ನು ಅಂದಾಜಿಸುವ ಬ್ಯೂಲ್ಮನ್ ಮಾದರಿ ಎಂಬ ಲೆಕ್ಕದ ವಿಧಾನ ದೇಹವನ್ನು 16 ಅಂಗಾಂಶ ವಿಭಾಗಗಳಾಗಿ ಲೆಕ್ಕ ಹಾಕುತ್ತೆ. ಗ್ರೇಡಿಯೆಂಟ್ ಫ್ಯಾಕ್ಟರ್ (ಎಚ್ಚರಿಕೆಯ ಮಟ್ಟದ ಸೆಟ್ಟಿಂಗ್, ಸಂಖ್ಯೆ ಕಡಿಮೆಯಾದಷ್ಟೂ ಎಚ್ಚರಿಕೆ ಹೆಚ್ಚು) 30/70 ಇಟ್ಟವರಿಗೆ 40/85ಕ್ಕಿಂತ ಕಡಿಮೆ ಸಮಯ ಸಿಗುತ್ತೆ. ಹಿಂದಿನ ಡೈವ್‌ನ ನೈಟ್ರೋಜನ್ ಉಳಿದಿದ್ದರೂ ಅಷ್ಟೇ. ಅದಕ್ಕೇ ಒಂದು ಕಂಪ್ಯೂಟರನ್ನು ಇಬ್ಬರು ಹಂಚಿಕೊಳ್ಳಬಾರದು. ಕಡಿಮೆ ತೋರಿಸುವುದನ್ನೇ ಇಬ್ಬರೂ ಪಾಲಿಸಿ.

ಗ್ಯಾಸ್ ಸೆಟ್ಟಿಂಗ್ ತಪ್ಪದೇ ನೋಡಿ. ಸಿಲಿಂಡರಿನಲ್ಲಿ ಮಾಮೂಲಿ ಗಾಳಿ, ಕಂಪ್ಯೂಟರಿನಲ್ಲಿ ನೈಟ್ರಾಕ್ಸ್ 32 (32% ಆಕ್ಸಿಜನ್ ಇರುವ ಮಿಶ್ರಣ) ಇದ್ದರೆ, ಅದು 68% ನೈಟ್ರೋಜನ್ ಅಂತ ಲೆಕ್ಕ ಹಾಕುತ್ತೆ, ಉಸಿರಾಡುತ್ತಿರುವುದು 79%. ಪರದೆ ಹಸಿರಾಗಿದ್ದರೂ ಮಿತಿ ದಾಟಿರುತ್ತೀರಿ.

ಉತ್ತರ 2: ಆಫ್ ಆದರೆ ಡೈವ್ ಅಲ್ಲಿಗೆ ಮುಗಿಯಿತು. ಜೊತೆಗಾರರಿಗೆ ಸನ್ನೆ ಮಾಡಿ, ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಿ, 5 ಮೀಟರಿನಲ್ಲಿ 3ರಿಂದ 5 ನಿಮಿಷ ನಿಲ್ಲಿ. ಕೊನೆಯ 5 ಮೀಟರಿನಲ್ಲೇ ಹೆಚ್ಚಿನವರು ಅವಸರ ಮಾಡೋದು. ಒತ್ತಡ 1.5 ಬಾರ್‌ನಿಂದ 1ಕ್ಕೆ ಇಳಿಯುವ ಈ ಜಾಗಕ್ಕೆ ಒಂದು ನಿಮಿಷ ಕೊಡಿ. ಹೊಸ ಕಂಪ್ಯೂಟರ್ ಕಟ್ಟಿಕೊಂಡು ಅದೇ ದಿನ ಮತ್ತೆ ಇಳಿಯಬೇಡಿ, ಅದಕ್ಕೆ ನಿಮ್ಮ ನೈಟ್ರೋಜನ್ ಲೆಕ್ಕ ಗೊತ್ತಿಲ್ಲ.

ಉತ್ತರ 3: ಮಿತಿಯೊಳಗಿದ್ದರೂ ಡಿಕಂಪ್ರೆಶನ್ ಕಾಯಿಲೆ (ಕರಗಿದ ನೈಟ್ರೋಜನ್ ದೇಹದಲ್ಲಿ ಗುಳ್ಳೆಗಳಾಗಿ ಕೊಡುವ ತೊಂದರೆ) ಬರಬಹುದು. ಕೀಲುನೋವು, ಜೋಮು, ವಿಪರೀತ ಸುಸ್ತು ಕಂಡರೆ ಮಲಗಿಸಿ 100% ಆಕ್ಸಿಜನ್ ಕೊಡಿ, ಆಸ್ಪತ್ರೆಗೆ ಸಾಗಿಸಿ. ಮತ್ತೆ ನೀರಿಗಿಳಿಸಿ ಸರಿಮಾಡುವ ಯೋಚನೆ ಬೇಡವೇ ಬೇಡ. ವಿಮಾನಕ್ಕೆ ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಿರಿ.